45 ದಾಟೈತಿ, ಪಗಾರ ಸಣ್ಣದು: ಮುಪ್ಪಿನ ರೊಕ್ಕ ಈಗ ಕೂಡಿಸೂದು ಹೆಂಗ

ಈ ವಯಸ್ಸಿನ್ಯಾಗ ರಿಟೈರ್ಮೆಂಟ್ ಬಗ್ಗೆ ಕೇಳಾಕ ಬರೋ ಮಂದಿ ಮೊದಲ ಕೇಳೂದು ಒಂದ, "ಎಲ್ಲಿ ಇಟ್ರ ಹೆಚ್ಚ ಬಡ್ಡಿ ಸಿಗತೈತ್ರಿ?" ತಪ್ಪ ಪ್ರಶ್ನಿ ಅಂತ ಅಲ್ಲ, ಆದ್ರ ಅದು ಆಮ್ಯಾಲಿಂದು. ಒಂದ ಲೆಕ್ಕ ನೋಡ್ರಿ. ತಿಂಗಳಿಗೆ 500 ರೂಪಾಯಿ ಉಳಿಸೋ ಮನಷ್ಯಾ 15 ವರ್ಷ ಬಿಡದ ಇಟ್ಟ ಅಂದ್ರ ನೂರಕ್ಕ 7ರ ಬಡ್ಡಿಗೆ ಹತ್ತತ್ರ 1.58 ಲಕ್ಷ ಆಗತೈತಿ, ನೂರಕ್ಕ 12 ಸಿಕ್ಕರೂ 2.5 ಲಕ್ಷ, ಅಷ್ಟ. ಅದ ಮನಷ್ಯಾ 3000 ಉಳಿಸಿದ್ರ ಪಿಪಿಎಫ್‌ನ (ಬ್ಯಾಂಕ್, ಪೋಸ್ಟ್ ಆಫೀಸಿನ್ಯಾಗ ತಗಿಯೋ ಸರಕಾರಿ ಉಳತಾಯ ಖಾತೆ) 7.1 ಬಡ್ಡಿಗೇನ ಒಂಬತ್ತೂವರಿ ಲಕ್ಷದ ಹತ್ರ ಹೋಗತೈತಿ. 25ನೇ ವಯಸ್ಸಿಗೆ ಶುರು ಮಾಡಿದವಂಗ ಬಡ್ಡಿ ದುಡೀತೈತಿ, 45ಕ್ಕ ಶುರು ಮಾಡಿದವಂಗ ತಾನ ದುಡೀಬೇಕು, ಬಡ್ಡಿ ಬೆನ್ನ ಹತ್ತಿ ಓಡಿದ್ರ ಇದ್ದದ್ದೂ ಹೋಗತೈತಿ. ಹಿಂಗಾಗಿ ಇಲ್ಲಿ ಹೆಚ್ಚಿನ ಮಾತು ತಿಂಗಳಾ ಆ 3000 ಹುಟ್ಟಸೂದು ಹೆಂಗ ಅನ್ನೂದ್ರ ಮ್ಯಾಲೆ ಐತಿ, ಎಲ್ಲಿ ಇಡೂದು ಅನ್ನೂದು ಆಮ್ಯಾಲೆ ಬರ್ತೈತಿ.

ಯಾರಿಗೆ ಬರದದ್ದು ಅಂದ್ರ, ಬಾಗಲಕೋಟಿ ನವನಗರದಾಗ ಬಟ್ಟಿ ಅಂಗಡ್ಯಾಗ ನಿಲ್ಲೋರು, ರಬಕವಿ-ಬನಹಟ್ಟಿ ಪಾವರ್‌ಲೂಮ್‌ನವ್ರು, ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಕೆಲಸದವ್ರು, ಪ್ರೈವೇಟ್ ಸಾಲಿ ಮಾಸ್ತರ್ರು, ಟೇಲರ್, ಡ್ರೈವರ್, ಮುಧೋಳ-ಜಮಖಂಡಿ ಕಡಿ ಸಕ್ಕರಿ ಫ್ಯಾಕ್ಟರ್‍ಯಾಗ ಸೀಜನ್ ಮ್ಯಾಲೆ ದುಡಿಯೋರು, ತಿಂಗಳಿಗೆ 12 ಸಾವಿರದಿಂದ 25 ಸಾವಿರದ ಒಳಗ ಗಳಿಸೋರು. ಸರಕಾರಿ ನೌಕರಿ ಇದ್ದವ್ರ ಕಥಿ ಬ್ಯಾರೆ, ಅವ್ರು ಇದನ್ನ ಓದಿ ಟೈಮ್ ಹಾಳ ಮಾಡ್ಕೊಬ್ಯಾಡ್ರಿ.

ಮೊದಲ ಸಾಲದ ಬಡ್ಡಿ ಕಡಿಮಿ ಮಾಡ್ರಿ

ನಮ್ಮ ಕಡಿ ಬಡ್ಡಿಗೆ ವರ್ಷದ ಲೆಕ್ಕ ಯಾರೂ ಹೇಳೂದಿಲ್ಲ, ಎರಡ ರೂಪಾಯಿ ಬಡ್ಡಿ, ಮೂರ ರೂಪಾಯಿ ಬಡ್ಡಿ ಅಂತಾರ, ಕೇಳಾಕ ಭಾಳ ಸಣ್ಣದ ಅನಸ್ತೈತಿ. ಮೂರ ರೂಪಾಯಿ ಅಂದ್ರ ತಿಂಗಳಿಗೆ ನೂರಕ್ಕ ಮೂರು, ವರ್ಷಕ್ಕ ನೂರಕ್ಕ 36. ಒಂದ ಲಕ್ಷ ತಗೊಂಡಿದ್ರ ತಿಂಗಳಾ 3000 ಬರೇ ಬಡ್ಡಿ ಹೋಗತೈತಿ, ಅಸಲು ಎಲ್ಲಿತ್ತ ಅಲ್ಲೇ ಕುಂತಿರತೈತಿ. ಅಂದ್ರ ಮ್ಯಾಲೆ ಹೇಳಿದ ಒಂಬತ್ತೂವರಿ ಲಕ್ಷ ಆಗೋ 3000 ಈಗಾಗಲೇ ನಿಮ್ಮ ಮನಿಯಿಂದ ಹೊರಗ ಹೊಂಟೈತಿ, ಹೋಗೂದು ಮಾತ್ರ ಸಾವಕಾರನ ಮನಿಗೆ.

ಮನ್ಯಾಗ ಬಂಗಾರ ಇದ್ರ ಅದನ್ನ ಬ್ಯಾಂಕಿನ್ಯಾಗ ಅಡವ ಇಟ್ಟು ಈ ಸಾಲ ತೀರಿಸ್ರಿ. ವರ್ಷಕ್ಕ ನೂರಕ್ಕ 10 ಅಂತ ಹಿಡಿದ್ರೂ ಲಕ್ಷಕ್ಕ ತಿಂಗಳಿಗೆ ಬಡ್ಡಿ 830ರ ಸುತ್ತ. ಉಳದ 2170 ಅಸಲಿಗೆ ಹಾಕ್ಕೋತ ಹೋದ್ರ ಮೂರ ವರ್ಷದ ಸುತ್ತ ಸಾಲಾನೂ ಇಲ್ಲ, ಬಂಗಾರಾನೂ ಮನಿಗೆ ಬರ್ತೈತಿ. ಹೆಣ್ಮಕ್ಕಳು ಮೊದಲ ಒಪ್ಪೂದಿಲ್ಲ, ಒಪ್ಪಬಾರ್ದು ಕೂಡ, ಯಾಕಂದ್ರ ಎಷ್ಟೋ ಮನ್ಯಾಗ ಒಮ್ಮೆ ಹೋದ ಬಂಗಾರ ತಿರುಗಿ ಬಂದಿಲ್ಲ. ಅದಕ್ಕ ಈ ಲೆಕ್ಕಾನ ಒಂದ ಹಾಳಿ ಮ್ಯಾಲೆ ಬರದು ಮನಿಯಾಕಿ ಮುಂದ ಇಟ್ಟು ಮಾತಾಡ್ರಿ, ತಿಂಗಳಾ ಕಟ್ಟೂದು ಆಕಿ ಕೈಯಾಗ ಕೊಡ್ರಿ, ನನಗ ಗೊತ್ತಿದ್ದ ಮನಿಗಳೊಳಗ ಹಂಗ ಮಾಡಿದವ್ರದ್ದ ಬಂಗಾರ ಬಿಡಿಸಿಕೊಂಡು ಬಂದೈತಿ.

ಹೊಲ ಇದ್ದವ್ರು ಪಿಕೆಪಿಎಸ್‌ನ್ಯಾಗ (ಊರಿನ ಕೃಷಿ ಪತ್ತಿನ ಸಹಕಾರ ಸಂಘ) ಬೆಳಿ ಸಾಲ ಕೇಳ್ರಿ, 5 ಲಕ್ಷದ ತನಕ ಹೊತ್ತಿಗೆ ಸರಿ ಕಟ್ಟಿದ್ರ ಬಡ್ಡಿ ಸೊನ್ನಿ. ಅದನ್ನ ಬಿಟ್ಟು ದಲಾಲಿ ಅಂಗಡ್ಯಾಗ ಮುಂಗಡ ತಂದು ಅವರಿಗೇ ಮಾಲ ಹಾಕೂದು ಎರಡ ಕಡಿ ನಷ್ಟ. ವಾರದ ಸಂಘದ ಸಾಲ, ಮೈಕ್ರೋ ಫೈನಾನ್ಸ್ ಸಾಲ ಮೂರ ನಾಕ ಕಡಿ ಆಗಿದ್ರ ಮೊದಲ ಒಂದ ಕೆಲಸ ಮಾಡ್ರಿ, ಒಂದರ ಕಂತು ಕಟ್ಟಾಕ ಇನ್ನೊಂದರಾಗ ಸಾಲ ತಗೊಳ್ಳೂದು ನಿಲ್ಲಿಸ್ರಿ, ಸಣ್ಣ ಸಾಲ ಒಂದೊಂದ ಮುಗಿಸ್ಕೋತ ಬರ್ರಿ. ವಸೂಲಿಗೆ ಅಂತ ಮನಿ ಮುಂದ ಬಂದು ಗದ್ದಲ ಮಾಡೂದು, ಬೆದರಸೂದು ಅಪರಾಧ ಅಂತ 2025ರಾಗ ರಾಜ್ಯ ಸರಕಾರ ಕಾನೂನ ತಂದೈತಿ, ಅಂಜಬ್ಯಾಡ್ರಿ, ಪೊಲೀಸ್ ಸ್ಟೇಶನ್‌ನ್ಯಾಗ ಹೇಳ್ರಿ.

ಮರತು ಬಿಟ್ಟ ರೊಕ್ಕ ಹುಡಕ್ರಿ

45ಕ್ಕ ಬರೂದ್ರಾಗ ಹೆಚ್ಚಿನವ್ರು ಮೂರ ನಾಕ ಕಡಿ ಕೆಲಸಾ ಮಾಡಿರ್ತಾರ. ಪುಣೆದಾಗ ಎರಡ ವರ್ಷ, ಗೋವಾದಾಗ ಒಂದ ವರ್ಷ, ಬೆಂಗಳೂರಾಗ ಸೆಕ್ಯುರಿಟಿ ಏಜೆನ್ಸಿ, ಆಮ್ಯಾಲೆ ಊರಿಗೆ ಬಂದು ಇಲ್ಲಿ ಫ್ಯಾಕ್ಟರಿ. ಪ್ರತಿ ಕಡಿ ಪಗಾರದಾಗ ಪಿಎಫ್ (ಭವಿಷ್ಯ ನಿಧಿ) ಕಟ್ ಆಗಿರತೈತಿ, ಪ್ರತಿ ಕಡಿ ಬ್ಯಾರೆ ನಂಬರ್ ಕೊಟ್ಟಿರ್ತಾರ. ಉಮಂಗ್ ಆ್ಯಪ್ ಹಾಕ್ಕೊಂಡು ಯುಎಎನ್ (ಪಿಎಫ್‌ನ ಖಾಯಂ ನಂಬರ್) ಹಾಕಿ ಪಾಸ್‌ಬುಕ್ ತಗೀರಿ, ಎಷ್ಟ ಮೆಂಬರ್ ಐಡಿ (ಒಂದೊಂದ ಕೆಲಸದ ಪಿಎಫ್ ನಂಬರ್) ಅದಾವ ನೋಡ್ರಿ, ಹಳೇದನ್ನೆಲ್ಲಾ ಈಗಿನದಕ್ಕ ಟ್ರಾನ್ಸ್‌ಫರ್ ಮಾಡ್ರಿ. ಬಿಡಿಸ್ಕೊಂಡು ತಿನ್ನಬ್ಯಾಡ್ರಿ, ಇದನ್ನ ಎರಡ ಸಲ ಹೇಳ್ತೀನಿ, ಬಿಡಿಸ್ಕೊಂಡು ತಿನ್ನಬ್ಯಾಡ್ರಿ.

ಯಾಕಂದ್ರ ಪಿಎಫ್‌ನ್ಯಾಗ ಎರಡ ಡಬ್ಬಿ ಇರ್ತಾವ. ಸಂಬಳದ ಲೆಕ್ಕಕ್ಕ ಹಿಡಿಯೋ ಬೇಸಿಕ್ ಮತ್ತ ಡಿಎ (ತುಟ್ಟಿಭತ್ಯೆ) ಕೂಡಿ 12,000 ಅಂತ ತಿಳ್ಕೊಳ್ರಿ. ನಿಮ್ಮ ಪಗಾರದಾಗ ನೂರಕ್ಕ 12, ಅಂದ್ರ 1440 ಕಟ್ ಆಗತೈತಿ, ಮಾಲೀಕನೂ ಅಷ್ಟ ಹಾಕಬೇಕು. ಮಾಲೀಕನ 1440ರಾಗ 1000 ಪೆನ್ಶನ್ ಡಬ್ಬಿಗೆ ಹೋಗತೈತಿ, ಉಳದ 440 ನಿಮ್ಮ 1440ರ ಜೋಡಿ ಕೂಡಿ ತಿಂಗಳಿಗೆ 1880 ಜಮಾ. ಈ ಜಮಾಕ್ಕ 2024-25ಕ್ಕ ಕೊಟ್ಟ ಬಡ್ಡಿ 8.25. ಇಷ್ಟ ಇದ್ದವ್ರು 45ರಿಂದ 58ರ ತನಕ 13 ವರ್ಷ ಮುಟ್ಟಲಾರದ ಬಿಟ್ರ ಐದ ಲಕ್ಷದ ಮ್ಯಾಲೆ ಆಗತೈತಿ. ಪೆನ್ಶನ್ ಡಬ್ಬಿ ಲೆಕ್ಕ ಬ್ಯಾರೆ: ಪಗಾರ ಗುಣಿಸು ಸರ್ವಿಸ್ ವರ್ಷ, ಭಾಗಿಸು 70. 12,000ಕ್ಕ 13 ವರ್ಷಕ್ಕ ತಿಂಗಳಿಗೆ 2228. ಸಣ್ಣದ ಖರೇ, ಆದ್ರ ಬದುಕಿರೋ ತನಕ ಬರ್ತೈತಿ, ಆಮ್ಯಾಲೆ ಮನಿಯಾಕಿಗೆ ಅರ್ಧಾ. ಈ ಪೆನ್ಶನ್ ಸಿಗಬೇಕಂದ್ರ ಒಟ್ಟು 10 ವರ್ಷ ಸರ್ವಿಸ್ ಆಗಬೇಕು, ಇಲ್ಲೇ ಮಂದಿ ಕೈ ಸುಟ್ಕೊಳ್ಳೂದು. ಪುಣೆದ ಎರಡ ವರ್ಷಾನ ಫಾರ್ಮ್ ತುಂಬಿ ಬಿಡಿಸ್ಕೊಂಡ್ರ ಆ ಎರಡ ವರ್ಷ ಲೆಕ್ಕದಿಂದ ಹೋದ್ವು. ಬಿಡಿಸಿಲ್ಲ ಅಂದ್ರ ಅವೂ ಕೂಡ್ತಾವ.

20 ಮಂದಿ ಅಥವಾ ಅದಕ್ಕಿಂತ ಹೆಚ್ಚ ಇರೋ ಕಡಿ ಪಿಎಫ್ ಕಡ್ಡಾಯ. ಕೆಲವು ಮಾಲೀಕರು "ಪಿಎಫ್ ಬ್ಯಾಡ ಅಂತ ಬರಕೊಡು, ಕೈಗೆ ಸಾವಿರ ಹೆಚ್ಚ ಕೊಡ್ತೀನಿ" ಅಂತಾರ. 12,000 ಪಗಾರಕ್ಕ ಮಾಲೀಕ ಹಾಕಬೇಕಾದ್ದು 1440, ಅಂದ್ರ ಸಾವಿರ ಕೊಟ್ಟು 440 ಅವ್ರ ಕಿಸೆಕ್ಕ. ಮತ್ತ ಕೈಗೆ ಬಂದ ಸಾವಿರ ಉಳಿಯೂದಿಲ್ಲ, ಅದು ನಿಮಗೂ ಗೊತ್ತು.

ಗ್ರ್ಯಾಚ್ಯುಟಿ (ಕೆಲಸ ಬಿಡೋ ಮುಂದ ಮಾಲೀಕ ಕೊಡಬೇಕಾದ ಇಡಿಗಂಟು) ಬಗ್ಗೆ ಕೇಳಿದವ್ರು ಇನ್ನೂ ಕಡಿಮಿ. 10 ಮಂದಿ ಇರೋ ಜಾಗಾದಾಗ 5 ವರ್ಷ ದುಡದ್ರ ಅದು ನಿಮ್ಮ ಹಕ್ಕು. ಕೊನೀ ಬೇಸಿಕ್ ಮತ್ತ ಡಿಎ, ಅದಕ್ಕ 15/26, ಅದಕ್ಕ ಎಷ್ಟ ವರ್ಷ ಅಂತ ಗುಣಿಸ್ರಿ. 18,000ಕ್ಕ 20 ವರ್ಷ ಆದ್ರ 2 ಲಕ್ಷದ ಮ್ಯಾಲೆ. ನಾಲ್ಕೂವರಿ ವರ್ಷಕ್ಕ ಸಿಟ್ಟ ಬಂತಂತ ಕೆಲಸ ಬಿಡೋ ಮುಂದ ಈ ಲೆಕ್ಕ ಒಮ್ಮೆ ಮಾಡ್ರಿ.

ಈಗ ಗಳಿಕಿ

ಇದು ಖರೇ ಕೆಲಸ, ಉಳದದ್ದೆಲ್ಲಾ ಇದರ ಹಿಂದ. 45ಕ್ಕ ಹೊಸಾ ದಂಧೆ ಶುರು ಮಾಡ್ರಿ ಅಂತ ಹೇಳೋರನ್ನ ನಾ ನಂಬೂದಿಲ್ಲ. ಇಪ್ಪತ್ತ ವರ್ಷ ಮಾಡಿದ ಕೆಲಸದಾಗ ಒಂದ ಮೆಟ್ಟಲಾ ಮ್ಯಾಲೆ ಹತ್ತೂದು ಸಲೀಸು, ಅಲ್ಲಿ ನಿಮಗ ಗೊತ್ತಿದ್ದದ್ದು ರಗಡ ಐತಿ, ಇಲ್ಲದ್ದು ಒಂದ ಕಾಗದ ಇಲ್ಲಾ ಒಂದ ಸಣ್ಣ ಕಲಿಕಿ.

ಉದಾಹರಣಿಗೆ ವೈರಿಂಗ್ ಮಾಡಾವ. ಕೈಯಾಗ ಕೆಲಸ ಐತಿ, ಪರ್ಮಿಟ್ ಇಲ್ಲ. ಪರ್ಮಿಟ್ ಇದ್ದವ್ನ ಕೈ ಕೆಳಗ ದಿನಗೂಲಿ ಮ್ಯಾಲೆ ದುಡೀತಾನ, ಸಹಿ ಮಾಡಾವ ಅವ, ಬಿಲ್ ತಗೊಳ್ಳಾವ ಅವ. ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟ್‌ನ ವೈರ್‌ಮನ್ ಪರ್ಮಿಟ್ ಪರೀಕ್ಷಾ ಪಾಸ್ ಆದ್ರ ಆ ಪರ್ಮಿಟ್ ತನ್ನ ಕೈಗೂ ಬರ್ತೈತಿ. 2024ರ ಫೆಬ್ರುವರಿ ಒಳಗ ಪಿಎಂ ಸೂರ್ಯ ಘರ್ ಬಂದ ಮ್ಯಾಲೆ ಛತ್ತಿನ ಮ್ಯಾಲೆ ಸೋಲಾರ್ ಕೂಡಸೋ ಕೆಲಸಾನೂ ಹುಟ್ಟೈತಿ, ನಮ್ಮ ಬಾಗಲಕೋಟಿ, ಬೆಳಗಾವಿ, ವಿಜಯಪುರ ಮೂರೂ ಜಿಲ್ಲಾದಾಗ ಬಿಸಲಿಗೇನ ಬರಾ ಇಲ್ಲ. ಅಂಗಡ್ಯಾಗ ಕ್ಯಾಶ್ ಬರಿಯಾವ್ರು ಟ್ಯಾಲಿ (ಕಂಪ್ಯೂಟರ್‌ನ್ಯಾಗ ಲೆಕ್ಕ ಬರಿಯೋ ಸಾಫ್ಟ್‌ವೇರ್) ಮತ್ತ ಜಿಎಸ್‌ಟಿ ರಿಟರ್ನ್ ಕಲ್ತ್ರ ಒಂದ ಅಂಗಡಿ ಪಗಾರದ ಜೋಡಿ ಸಂಜಿಕ್ ನಾಕ ಸಣ್ಣ ಅಂಗಡಿ ಲೆಕ್ಕ ಹಿಡಿಬಹುದು, ಇದಕ್ಕ ಬಂಡವಾಳ ಸೊನ್ನಿ, ಬೇಕಾದ್ದು ಮೂರ ತಿಂಗಳ ಸಂಜಿ ಅಷ್ಟ. ಉದ್ಯಮಬಾಗದಾಗ ಹೆಲ್ಪರ್ ಆಗಿ ಹದಿನೈದ ವರ್ಷ ನಿಂತವ್ರು ಸಿಎನ್‌ಸಿ (ಕಂಪ್ಯೂಟರ್ ಮ್ಯಾಲೆ ನಡಿಯೋ ಮಷಿನ್) ಕಲಿಯೂದಕ್ಕ ಅಲ್ಲೇ ಜಿಟಿಟಿಸಿ (ಸರಕಾರಿ ತರಬೇತಿ ಕೇಂದ್ರ) ಐತಿ, "ಹುಡುಗೂರ ಜೋಡಿ ಕುಂದ್ರಾಕ ನಾಚಿಕಿ" ಅಂತ ಹೋಗೂದಿಲ್ಲ. ನಾಚಿಕಿಗೆ ಪಗಾರ ಯಾರೂ ಕೊಡೂದಿಲ್ರಿ.

ಟೇಲರ್, ಬಡಗಿ, ಕಂಬಾರ, ಕುಂಬಾರ, ಗೌಂಡಿ, ಕ್ಷೌರಿಕ, ಮಡಿವಾಳ, ಚಪ್ಪಲಿ ಹೊಲಿಯಾವ್ರು ಹಿಂಗ 18 ಕಸುಬಿಗೆ 2023ರ ಸೆಪ್ಟೆಂಬರ್‌ನ್ಯಾಗ ಪಿಎಂ ವಿಶ್ವಕರ್ಮ ಅಂತ ಸ್ಕೀಮ್ ಬಂದೈತಿ. ತರಬೇತಿಗೆ ದಿನಕ್ಕ 500, ಸಾಮಾನ ತಗೊಳ್ಳಾಕ 15,000, ಆಮ್ಯಾಲೆ ನೂರಕ್ಕ 5ರ ಬಡ್ಡಿಗೆ ಮೊದಲ ಸಲ 1 ಲಕ್ಷ, ತೀರಿಸಿದ್ರ ಎರಡನೇ ಸಲ 2 ಲಕ್ಷ ಸಾಲ. ಮಗ್ಗದ ನೇಕಾರರು ಈ 18ರಾಗ ಬರೂದಿಲ್ಲ, ಇಳಕಲ್ಲ-ಗುಳೇದಗುಡ್ಡದವ್ರು ಕೈಮಗ್ಗ ಇಲಾಖೆ ಆಫೀಸಿಗೆ ಹೋಗಿ ಅಲ್ಲಿಂದು ಕೇಳ್ರಿ. ಟೇಲರ್ ಹೆಣ್ಮಕ್ಕಳಿಗೆ ಒಂದ ಮಾತು: ಬರೇ ಬ್ಲೌಸ್ ಹೊಲಿಗಿ ರೇಟ್ ಒಬ್ಬರ ಮ್ಯಾಲೊಬ್ಬರು ಇಳಿಸ್ಕೋತ ಹೋಗ್ತಾರ, ಆದ್ರ ಇಳಕಲ್ ಸೀರಿಗೆ ಫಾಲ್, ಪಿಕೊ, ಕುಚ್ಚು, ಖಣದ ಬಟ್ಟಿಲೆ ಹುಡುಗ್ಯಾರ ಡ್ರೆಸ್, ಇವಕ್ಕ ಬೆಂಗಳೂರು ಪುಣೆ ಮಂದಿ ಕೇಳಿದ್ದ ಕೊಡ್ತಾರ.

ಇದ ಮಾತು ರೊಟ್ಟಿಗೂ ಬರ್ತೈತಿ, ಮತ್ತ ರೊಟ್ಟಿ ಲೆಕ್ಕಾನ ಪೂರಾ ಬಿಚ್ಚಿ ಹೇಳ್ತೀನಿ ಯಾಕಂದ್ರ ನಮ್ಮ ಕಡಿ ಹೆಣ್ಮಕ್ಕಳು ಮೊದಲ ಕೈ ಹಾಕೂದು ಅದಕ್ಕ. 100 ಖಡಕ್ ರೊಟ್ಟಿಗೆ 7 ಕಿಲೋ ಜೋಳದ ಹಿಟ್ಟು ಅಂತ ಹಿಡೀರಿ, ಬೀಸೋ ಖರ್ಚ ಕೂಡಿ ಕಿಲೋಕ್ಕ 50ರಂಗ 350. ಗ್ಯಾಸ್ 80, ಪ್ಯಾಕಿಂಗ್ 40. ಒಟ್ಟು 470. ಖಾನಾವಳಿಗೆ 6 ರೂಪಾಯಿಗೆ ಒಂದರಂಗ ಹಾಕಿದ್ರ 600 ಬಂತು, ಉಳದದ್ದು 130. ನಾಕ ಐದ ತಾಸ ಒಲಿ ಮುಂದ ಕುಂತು, ಸೊಂಟಾ ನೋಯಿಸ್ಕೊಂಡು 130. ಅದ 100 ರೊಟ್ಟಿ ಪುಣೆ, ಬೆಂಗಳೂರಾಗ ಇರೋ ನಮ್ಮ ಮಂದಿಗೆ ನೇರ 10 ರೂಪಾಯಿಗೆ ಒಂದರಂಗ ಕಳಿಸಿದ್ರ, ಪಾರ್ಸಲ್ ಖರ್ಚ ಅವ್ರದ್ದ, 530 ಉಳೀತೈತಿ. ವಾರಕ್ಕ ಎರಡ ಸಲ ಬಡದ್ರ ತಿಂಗಳಿಗೆ 4000ದ ಮ್ಯಾಲೆ. ಖಾನಾವಳಿ ರೇಟಿಗೆ ಅಷ್ಟ ಉಳಿಸಬೇಕಂದ್ರ ತಿಂಗಳಪೂರ್ತಿ ದಿನಾ 100 ಬಡಿಬೇಕು. ಗಿರಾಕಿ ಹುಡಕೂದು ಕಷ್ಟ ಅಂತೀರಿ, ಹೌದು, ಆದ್ರ ಶುರುವಿಗೆ ನಿಮ್ಮ ಬೀಗರು, ಸಾಲ್ಯಾಗ ಜೋಡಿ ಓದಿದವ್ರು ಆ ಊರಾಗ ಎಷ್ಟ ಮಂದಿ ಅದಾರ ಮೊಬೈಲ್‌ನ್ಯಾಗ ನೋಡ್ರಿ, ಹತ್ತ ಮನಿ ಸಿಕ್ರ ಸಾಕು. ರೊಟ್ಟಿ ಜೋಡಿ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಇಡ್ರಿ, ರೊಟ್ಟಿ ಬಸ್ಸಿನ್ಯಾಗ ಮುರೀತೈತಿ, ಹಿಂಡಿಗೆ ಏನೂ ಆಗೂದಿಲ್ಲ, ಉಳತಾಯನೂ ಹೆಚ್ಚ. ವರ್ಷಕ್ಕ 12 ಲಕ್ಷದೊಳಗಿನ ವ್ಯಾಪಾರಕ್ಕ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ರಿಜಿಸ್ಟ್ರೇಶನ್ ವರ್ಷಕ್ಕ 100 ರೂಪಾಯಿ, ಉದ್ಯಮ್ (ಸಣ್ಣ ಉದ್ಯೋಗದ) ರಿಜಿಸ್ಟ್ರೇಶನ್ ಪುಕ್ಕಟೆ, ಇದಕ್ಕ ಎರಡ ಸಾವಿರ ಕೇಳೋ ಏಜೆಂಟರ ಕಡಿ ಹೋಗಬ್ಯಾಡ್ರಿ.

ಯಾವ ಕೆಲಸ ಇರಲಿ, ಹಿಂಗ ತಾಸಿಗೆ ಎಷ್ಟ ಬಿತ್ತು ಅಂತ ಲೆಕ್ಕ ಹಾಕ್ರಿ. ರಾತ್ರಿ ಆಟೋ ಹೊಡೆಯೂದು, ಪಾರ್ಸಲ್ ಡೆಲಿವರಿ ಇವೆಲ್ಲಾ ಕೈಗೆ ರೊಕ್ಕ ಬಂದಂಗ ಅನಸ್ತೈತಿ, ಪೆಟ್ರೋಲ್, ಟೈರ್, ಸರ್ವಿಸ್ ತಗದು ತಾಸಿಗೆ ಭಾಗಿಸಿ ನೋಡಿದ್ರ ಒಮ್ಮೊಮ್ಮೆ ನಗು ಬರ್ತೈತಿ. ಫ್ಯಾಕ್ಟರಿ ಸೀಜನ್‌ನವ್ರಿಗೆ ಬ್ಯಾಸಗಿ ಮಳಿಗಾಲದ ತಿಂಗಳು ಖಾಲಿ, ಫಿಟ್ಟರ್, ವೆಲ್ಡರ್ ಇದ್ದವ್ರು ಆ ತಿಂಗಳಿಗೆ ಅಂತ ಒಂದ ಕೆಲಸ ಸೀಜನ್ ಇರೂ ಮುಂದನ ಮಾತಾಡಿ ಇಟ್ಕೊಳ್ರಿ, ಕಬ್ಬು ಮುಗದ ಮ್ಯಾಲೆ ಹುಡಕಿದ್ರ ಎಲ್ಲಾರೂ ಅದ ಟೈಮಿಗೆ ಹುಡಕ್ತಿರ್ತಾರ. ವಿಜಯಪುರ, ತಿಕೋಟಾ ಕಡಿ ದ್ರಾಕ್ಷಿಗೆ ಎಪ್ರಿಲ್ ಮತ್ತ ಅಕ್ಟೋಬರ್ ಸುತ್ತ ಕಟಿಂಗ್ ಇರತೈತಿ, ಕಟಿಂಗ್ ಚಲೋ ಬರೋ ಆಳಿಗೆ ಸಾದಾ ಆಳಿಗಿಂತ ಹೆಚ್ಚ ಕೂಲಿ, ಆದ್ರ ಕಲೀಬೇಕು, ಒಂದ ಕಡ್ಡಿ ತಪ್ಪ ಕತ್ತರಿಸಿದ್ರ ಮಾಲೀಕ ಮರುದಿನ ಕರೆಯೂದಿಲ್ಲ.

ಮಾಡಬಾರದ್ದು: ಪಿಎಫ್ ಬಿಡಿಸಿ ಕಿರಾಣಿ ಅಂಗಡಿ ಹಾಕೂದು. ಒಂದ ಓಣ್ಯಾಗ ಈಗಾಗಲೇ ಐದ ಅಂಗಡಿ ಇರ್ತಾವ, ಆರನೇದ್ದು ನಿಮ್ದು, ಉದ್ರಿ ಬರಿಯೂದ್ರಾಗ ವರ್ಷ ಕಳೀತೈತಿ. ಸಾಲಾ ಮಾಡಿ ಗೂಡ್ಸ್ ಗಾಡಿ ತಗೊಳ್ಳೂದೂ ಹಂಗ, ಖಾಯಂ ಬಾಡಿಗಿ ಮಾತಾಡದ ಗಾಡಿ ಮುಟ್ಟಬ್ಯಾಡ್ರಿ.

ಹೆಚ್ಚಿಗಿ ಬಂದದ್ದು ಎಲ್ಲಿಗೆ ಹೋಗಬೇಕು

ಇಲ್ಲಿ ಒಂದ ಕಟ್ಟುನಿಟ್ಟ ಮಾತು. ಪಗಾರ ಮನಿಗೆ, ಹೆಚ್ಚಿಗಿ ಗಳಿಸಿದ್ದು ಬ್ಯಾರೆ ಖಾತೆಗೆ, ಆ ಖಾತೆದ ಎಟಿಎಂ ಕಾರ್ಡ್ ತಗೊಳ್ಳಾಕ ಹೋಗಬ್ಯಾಡ್ರಿ. ಮನಿ ಖಾತೆಗೆ ಬಂದ ರೊಕ್ಕಕ್ಕ ಗ್ಯಾಸು, ಫೀಸು, ಮುಂಜಿ, ಕುಬಸಾ ಅಂತ ಸಾವಿರ ಬಾಯಿ.

ಮೊದಲ ಮೂರ ತಿಂಗಳ ಖರ್ಚ ಆಗೂವಷ್ಟ ಬ್ಯಾಂಕ್ ಎಫ್‌ಡಿ ಇಲ್ಲಾ ಪೋಸ್ಟ್ ಆಫೀಸಿನ್ಯಾಗ ಕೂಡಸ್ರಿ. ಪೋಸ್ಟ್ ಆಫೀಸ್ ಆರ್‌ಡಿ (ತಿಂಗಳಾ ಕಟ್ಟೋ ಠೇವಣಿ) ತಿಂಗಳಿಗೆ 100 ರೂಪಾಯಿಂದ ಶುರು ಆಗತೈತಿ. ಇದಿಲ್ಲಂದ್ರ ಒಂದ ಜ್ವರಕ್ಕ ಮತ್ತ ಮೂರ ರೂಪಾಯಿ ಬಡ್ಡಿಗೆ ಹೋಗ್ತೀರಿ.

ಆಮ್ಯಾಲೆ ಪಿಪಿಎಫ್. ಗಳಿಕಿ ಏರಪೇರ ಇದ್ದವ್ರಿಗೆ ನನ್ನ ಪ್ರಕಾರ ಇದ ಚಲೋ, ಯಾಕಂದ್ರ ವರ್ಷಕ್ಕ 500 ಹಾಕಿದ್ರೂ ಖಾತೆ ಜೀವಂತ ಇರತೈತಿ, 1.5 ಲಕ್ಷದ ತನಕ ಹಾಕಬಹುದು, 15 ವರ್ಷಕ್ಕ ಮುಗೀತೈತಿ, ಬ್ಯಾಂಕಾದ್ರೂ ಸರಿ ಪೋಸ್ಟ್ ಆಫೀಸಾದ್ರೂ ಸರಿ. ತಿಂಗಳ 5ನೇ ತಾರೀಕಿನ ಒಳಗ ಹಾಕಿದ್ರ ಆ ತಿಂಗಳ ಬಡ್ಡಿ ಸಿಗತೈತಿ, 6ಕ್ಕ ಹಾಕಿದ್ರ ಇಲ್ಲ. 2020ರ ಎಪ್ರಿಲ್‌ದಿಂದ 7.1 ನಡದೈತಿ, ಸರಕಾರ ಮೂರ ತಿಂಗಳಿಗೊಮ್ಮೆ ನೋಡಿ ಬದಲಿಸಬಹುದು.

ಈಗ ಆ 3000ಕ್ಕ ತಿರುಗಿ ಬರೂಣು. 45ರಿಂದ 60ರ ತನಕ ತಿಂಗಳಾ 3000, ಹತ್ತತ್ರ 9.5 ಲಕ್ಷ. ಪ್ರತಿ ವರ್ಷ ಆ ತಿಂಗಳ ಕಂತನ್ನ 500 ಏರಿಸ್ಕೋತ ಹೋದ್ರ, ಮುಂದಿನ ವರ್ಷ 3500, ಅದರ ಮುಂದ 4000, ಹಂಗ, 60ಕ್ಕ 18.5 ಲಕ್ಷದ ಸುತ್ತ, ಅಂದ್ರ ಹತ್ತತ್ರ ಎರಡ ಪಟ್ಟು. ಇನ್ನೊಂದ ದಾರಿ, ಏರಿಸಾಕ ಆಗಲಿಲ್ಲ, 3000ನ ಉಳೀತು, ಆದ್ರ 65ರ ತನಕ ದುಡದು ಪಿಪಿಎಫ್‌ನ ಐದ ವರ್ಷ ಮುಂದುವರಿಸಿದ್ರಿ ಅಂದ್ರ 15.5 ಲಕ್ಷ. 60ಕ್ಕ ಕೆಲಸ ಬಿಡಬೇಕು ಅನ್ನೂದು ಸರಕಾರಿ ನೌಕರರ ಲೆಕ್ಕ, ಅದನ್ನ ನಾವು ಯಾಕ ಹಿಡೀಬೇಕು? ಆದ್ರ 62ಕ್ಕ ಮೂಟಿ ಹೊರಾಕ ಆಗೂದಿಲ್ಲ, ಹಿಂಗಾಗಿ ಈಗ ಕಲಿಯೂ ಕೆಲಸ ಕುಂತು ಮಾಡೂವಂತಾದ್ದು ಇರಲಿ. ಟ್ಯಾಲಿ, ಹೊಲಿಗಿ, ರಿಪೇರಿ, ಹಿಂಡಿ-ರೊಟ್ಟಿ ಮಾಡಿಸೂದು, ಇವು ಮ್ಯಾಲೆ ಬಂದದ್ದು ಅದಕ್ಕನ.

60 ದಾಟಿದ ಮ್ಯಾಲೆ ಕೂಡಿದ ರೊಕ್ಕಾನ ಪೋಸ್ಟ್ ಆಫೀಸ್ ಸೀನಿಯರ್ ಸಿಟಿಜನ್ ಸ್ಕೀಮಿಗೆ ಹಾಕಿದ್ರ ಈಗಿನ 8.2 ದರಕ್ಕ 9.5 ಲಕ್ಷಕ್ಕ ಮೂರ ತಿಂಗಳಿಗೆ 19,475, ತಿಂಗಳಿಗೆ 6500ರ ಸುತ್ತ ಬಿತ್ತು. ಸಾಕಾಗತೈತಿ ಅಂತ ಸುಳ್ಳ ಹೇಳೂದಿಲ್ಲ. ಈಗ ತಿಂಗಳಿಗೆ 15,000 ಖರ್ಚ ಇರೋ ಮನಿಗೆ, ತುಟ್ಟಿ ವರ್ಷಕ್ಕ ನೂರಕ್ಕ 6 ಏರಿದ್ರ, 15 ವರ್ಷಕ್ಕ 36,000 ಬೇಕು. ಹಿಂಗಾಗಿ ಯಾವದೂ ಒಂದರಿಂದ ತುಂಬೂದಿಲ್ಲ, ಪಿಎಫ್ ಪೆನ್ಶನ್, ಪಿಪಿಎಫ್, ಮನಿಯಾಕಿ ಹೆಸರಿನ ಪೆನ್ಶನ್ (ಅದನ್ನ ಕೆಳಗ ಹೇಳ್ತೀನಿ), ಸ್ವಂತ ಮನಿ, 65ರ ತನಕ ಸ್ವಲ್ಪ ಗಳಿಕಿ, ಎಲ್ಲಾ ಕೂಡಬೇಕು.

ಎನ್‌ಪಿಎಸ್ (ರಾಷ್ಟ್ರೀಯ ಪೆನ್ಶನ್ ಸ್ಕೀಮ್) 40 ದಾಟಿದ ಮ್ಯಾಲೂ ತಗೀಬಹುದು, ವರ್ಷಕ್ಕ ಕನಿಷ್ಠ 1000. ಒಂದ ಭಾಗ ಶೇರಿನ್ಯಾಗ ಹೋಗತೈತಿ, ಹಿಂಗಾಗಿ 15 ವರ್ಷದ ಲೆಕ್ಕಕ್ಕ ಚಲೋ, ಕೊನಿಗೆ ಒಂದ ಪಾಲಿನಿಂದ ಪೆನ್ಶನ್ ಕೊಂಡುಕೊಳ್ಳಬೇಕು. ಪಿಪಿಎಫ್ ಖಾಯಂ ಆದ ಮ್ಯಾಲೆ ಇದಕ್ಕ ಕೈ ಹಾಕ್ರಿ. ಮ್ಯೂಚುಯಲ್ ಫಂಡ್ ಎಸ್‌ಐಪಿ (ತಿಂಗಳಾ ಇಷ್ಟ ಅಂತ ಹಾಕೂದು) ಮಾಡೋರು ಸಾದಾ ಇಂಡೆಕ್ಸ್ ಫಂಡ್ (ಶೇರ್ ಮಾರ್ಕೆಟ್ ಸೂಚ್ಯಂಕದ ಜೋಡಿ ಏರಿ ಇಳಿಯೋ ಫಂಡ್) ಒಂದ ಹಿಡೀರಿ, ಮಾರ್ಕೆಟ್ ಬಿದ್ದಾಗ ನಿದ್ದಿ ಹತ್ತೂದಿಲ್ಲ ಅನ್ನೋರು ಬಿಡ್ರಿ, ಏನೂ ನಷ್ಟ ಇಲ್ಲ.

ಅಟಲ್ ಪೆನ್ಶನ್ ಬಗ್ಗೆ ಎಲ್ಲಾರೂ ಕೇಳ್ತಾರ. ಅದು 18ರಿಂದ 40ರ ಒಳಗ ಸೇರಬೇಕು, ನಿಮಗ ದಾಟೈತಿ. ಆದ್ರ ಮನಿಯಾಕಿ 38 ಇದ್ರ? 60ಕ್ಕ ತಿಂಗಳಿಗೆ 5000 ಬರಾಕ ಈಗ ತಿಂಗಳಾ 1196 ಕಟ್ಟಬೇಕು, 39ಕ್ಕ ಸೇರಿದ್ರ 1318, ತಡಾ ಮಾಡಿದಷ್ಟ ಏರತೈತಿ. ಗೃಹಲಕ್ಷ್ಮಿ 2000 ಬರೋ ಮನ್ಯಾಗ ಇದು ಅದರಾಗ ಮುಗೀತೈತಿ, ಉಳದ 800 ಆರ್‌ಡಿಗೆ. ಗೃಹಲಕ್ಷ್ಮಿ ಕಂತು ಒಮ್ಮೊಮ್ಮೆ ತಡಾ ಆಗತೈತಿ, ಹಿಂಗಾಗಿ ಆ ಖಾತೆದಾಗ ಎರಡ ತಿಂಗಳ ಕಂತು ಮೊದಲ ಇಟ್ಟಿರ್ರಿ, ಇಲ್ಲಂದ್ರ ಅಟೊ ಡೆಬಿಟ್ ಬೌನ್ಸ್ ಆಗಿ ದಂಡ ಬೀಳತೈತಿ. ಇನ್‌ಕಮ್ ಟ್ಯಾಕ್ಸ್ ಕಟ್ಟೋರು 2022ರ ಅಕ್ಟೋಬರ್‌ದಿಂದ ಇದಕ್ಕ ಸೇರಂಗಿಲ್ಲ.

ರೊಕ್ಕ ನುಂಗೋ ಜಾಗಾ

ನಮ್ಮ ಮೂರ ಜಿಲ್ಲಾದಾಗ ಓಣಿಗೊಂದ ಸೊಸೈಟಿ. ಚಲೋ ನಡಿಯೋವೂ ರಗಡ ಅದಾವ. ಆದ್ರ ಒಂದ ಗೊತ್ತಿರಲಿ: ಬ್ಯಾಂಕ್ ಮುಳಗಿದ್ರ ಒಬ್ಬರಿಗೆ 5 ಲಕ್ಷದ ತನಕ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) ವಿಮಾ ಐತಿ, ಕೋಆಪರೇಟಿವ್ ಬ್ಯಾಂಕಿಗೂ ಐತಿ. ಪತ್ತಿನ ಸಂಘ, ಸೌಹಾರ್ದ ಸಹಕಾರಿಗೆ ಈ ವಿಮಾ ಇಲ್ಲ. ಬೋರ್ಡ್ ಮ್ಯಾಲೆ ಬ್ಯಾಂಕ್ ಅಂತ ಐತೋ ಸಹಕಾರಿ ಅಂತ ಐತೋ ಸರಿಯಾಗಿ ಓದ್ರಿ. ಎರಡ ಪರ್ಸೆಂಟ್ ಹೆಚ್ಚ ಬಡ್ಡಿಗೆ ಇಡೀ ಜೀವನದ ಗಂಟು ಅಲ್ಲಿ ಇಡಬ್ಯಾಡ್ರಿ, ಇಟ್ರೂ ಹೋದ್ರ ತಡಕೊಳ್ಳೂವಷ್ಟ ಇಡ್ರಿ. ಭಿಶಿನೂ (ಚೀಟಿ) ಅಷ್ಟ, ಗೊತ್ತಿದ್ದ ಹತ್ತ ಮಂದಿ ಭಿಶಿ ಮಿಕ್ಸರ್ ತಗೊಳ್ಳಾಕ ಆತು, ಮುಪ್ಪಿಗೆ ಅಲ್ಲ. ವಾಟ್ಸಾಪ್‌ನ್ಯಾಗ ಟ್ರೇಡಿಂಗ್ ಗ್ರೂಪಿಗೆ ಸೇರಿಸಿ ದಿನಾ ಲಾಭಾ ತೋರಸೂದು ಪೂರಾ ಮೋಸ, ಅದರಾಗ ವಿಚಾರ ಮಾಡೂವಂತಾದ್ದು ಏನೂ ಇಲ್ಲ.

ಹೊಲಾ ಮಾರಿದ್ದು, ಆಲಮಟ್ಟಿ ಹಿನ್ನೀರಿಗೆ ಹೋದ ಜಾಗಾದ ಪರಿಹಾರ, ಹಿಂಗ ಒಮ್ಮೆಲೇ ರೊಕ್ಕ ಬಂದವ್ರು ಆರ ತಿಂಗಳ ತನಕ ಬ್ಯಾಂಕ್ ಎಫ್‌ಡಿ ಬಿಟ್ಟು ಎಲ್ಲೂ ಹಾಕಬ್ಯಾಡ್ರಿ, ಗಾಡಿನೂ ಬ್ಯಾಡ, ಲಗ್ನಾನೂ ಆ ರೊಕ್ಕದ ಅಳತಿಗೆ ಹಿಗ್ಗಿಸಬ್ಯಾಡ್ರಿ. ಬಾಗಲಕೋಟ್ಯಾಗ ಇದ್ದವ್ರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ, ನೋಡೇವಿ.

ದವಾಖಾನಿ ಖರ್ಚಿಗೆ: ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ. ವರ್ಷಕ್ಕ 20 ರೂಪಾಯಿ ಅಪಘಾತ ವಿಮಾ 70ರ ತನಕ, 436 ರೂಪಾಯಿ ಜೀವನ ಜ್ಯೋತಿ 50 ದಾಟೋದ್ರೊಳಗ ಸೇರಬೇಕು, ಎರಡೂ 2 ಲಕ್ಷದ್ದು, ಬ್ಯಾಂಕಿನ್ಯಾಗ ಒಂದ ಸಹಿ.

ಕಡೀಕ ಕಾಗದ ಪತ್ರ. ನಮ್ಮ ವಯಸ್ಸಿನವ್ರಾಗ ಅರ್ಧಾ ಊರಿಗೆ ಹುಟ್ಟಿದ ದಿನ ಜೂನ್ 1, ಸಾಲಿಗೆ ಹಾಕೂ ಮುಂದ ಮಾಸ್ತರ್ರು ಬರದದ್ದು. ಆಧಾರದಾಗ ಒಂದ, ಪಿಎಫ್‌ನ್ಯಾಗ ಒಂದ, ಹೆಸರಿನ್ಯಾಗ ಒಂದ ಕಡಿ ಅಪ್ಪನ ಹೆಸರ ಕೂಡಿರತೈತಿ, ಇನ್ನೊಂದ ಕಡಿ ಅಡ್ಡಹೆಸರ. 58ಕ್ಕ ಕ್ಲೇಮ್ ಹಾಕಿದಾಗ ಇದಕ್ಕ ರಿಜೆಕ್ಟ್ ಮಾಡ್ತಾರ, ಆಗ ಹಳೇ ಕಂಪನಿ ಮುಚ್ಚಿರತೈತಿ, ಸಹಿ ಮಾಡಾವ್ರು ಸಿಗೂದಿಲ್ಲ. ಮಾಲೀಕ ಇನ್ನೂ ಇದ್ದಾಗನ, ಈ ತಿಂಗಳಾಗನ ಸಾಲಿ ದಾಖಲಾ, ಆಧಾರ, ಪಾನ್, ಬ್ಯಾಂಕ್ ಪಾಸ್‌ಬುಕ್ ನಾಕೂ ಒಂದ ಕಡಿ ಇಟ್ಟು ಅಕ್ಷರಕ್ಕ ಅಕ್ಷರ ಕೂಡಿಸಿ ನೋಡ್ರಿ, ತಪ್ಪಿದ್ದನ್ನ ಮೊದಲ ಆಧಾರದಾಗ, ಆಮ್ಯಾಲೆ ಪಿಎಫ್‌ನ್ಯಾಗ ತಿದ್ದಸ್ರಿ. ನಾಮಿನಿ ಹಾಕಿಲ್ಲಂದ್ರ ಅದನ್ನೂ ಅದ ದಿನ ಹಾಕ್ರಿ, ಲಗ್ನಕ್ಕಿಂತ ಮೊದಲ ಹಾಕಿದ ಅವ್ವನ ಹೆಸರ ಇನ್ನೂ ಹಂಗ ಇದ್ರ ಬದಲಿ ಮಾಡ್ರಿ.